ಸಮ್ಮುಖ ಸಂಭಾಷಣೆಯಲ್ಲಿ ದೃಷ್ಟಿಧರ್ಮ

(ಭೀಮಸಮುದ್ರದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಮಾತನಾಡುವುದಕ್ಕೆ ನಾಲಗೆಯೂ ಕೇಳುವುದಕ್ಕೆ ಕಿವಿಯೂ ಇದ್ದರೆ ಸಾಕೆಂದು ಮೇಲುನೋಟಕ್ಕೆ ತೋರುವುದು. ಆದರೆ ಕನ್ನಡಿಗರು ದಿನಬಳಕೆಯಲ್ಲಿ ಆಡುವ ಮಾತುಗಳನ್ನು ಸ್ವಲ್ಪ ಪರಿಶೀಲಿಸಿದರೆ ಈ ಎಣಿಕೆಯು ಸರಿಯಲ್ಲವೆಂಬುದು ಗೊತ್ತಾಗುತ್ತದೆ. ಆದರಿಸಿದವನನ್ನು ಕುರಿತು ಮುಖ ಕೊಟ್ಟು ಮಾತನಾಡಿದನೆನ್ನುತ್ತಾರೆ. ಅನಾದರಿಸಿದವನನ್ನು ಕುರಿತು ಮುಖ ತಿರುಗಿಸಿದನೆನ್ನುತ್ತಾರೆ. ದ್ವೇಷವು ಬಲಿತರೆ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲವೆನ್ನುತ್ತಾರೆ. ಸಾಲಗಾರನು ಕಣ್ಣು ತಪ್ಪಿಸಿ ತಿರುಗುತ್ತಾನೆ. ಇದಿರಿಗೆ ನಿಂತು ಕೇಳಿದವರಿಗೆ ಇಲ್ಲವೆನ್ನಲಾರದ ಸಂಕೋಚಕ್ಕೆ ಮುಖದಾಕ್ಷಿಣ್ಯವೆಂದೂ ಮುಲಾಜೆಂದೂ ಹೆಸರು. ಬಂದವರ ಸ್ಥಾನಮಾನವನ್ನಳೆದು ಉಪಚರಿಸುವುದಕ್ಕೆ ಮುಖ ನೋಡಿ ಮಣೆ ಹಾಕುವುದೆಂಬ ಗಾದೆಯೇ ಹುಟ್ಟಿರುವುದು. ಇವುಗಳಲ್ಲಿ ಒಂದಾದರೂ ನಾಲಗೆಯನ್ನು ಹೇಳಲಿಲ್ಲ, ಕಿವಿಯನ್ನು ಹೇಳಲಿಲ್ಲ. ಎಲ್ಲವೂ ಮುಖವನ್ನೂ ಕಣ್ಣನ್ನೂ ಹೇಳಿದವು. ಆದಕಾರಣ ಸಂಭಾಷಣೆಯಲ್ಲಿ ಕಣ್ಣಿಗೆ ಸಲ್ಲುವ ಕಾರ್ಯವೇನು, ಅದರ ಮರ್ಯಾದೆಯೇನು, ಅದನ್ನು ಓದುವುದರಲ್ಲಿ ಮನುಷ್ಯನು ಎಡವುವುದೆಲ್ಲಿ ಎಂಬ ಮೂರು ಅಂಶಗಳನ್ನು ಇಂದು ವಿಚಾರಿಸತಕ್ಕದ್ದಾಗಿದೆ.

ಈ ವಿಚಾರಕ್ಕೆ ಭೀಮಸಮುದ್ರಕ್ಕಿಂತ ತಕ್ಕ ಸ್ಥಳವು ಅಪರೂಪ. ಕೆರೆಯ ಹೆಸರನ್ನೇ ತನ್ನ ಹೆಸರಾಗಿ ಹೊತ್ತಿರುವ ಈ ಊರು ಅಡಿಕೆಯ ವ್ಯಾಪಾರದಿಂದ ದೂರದ ಪೇಟೆಗಳಲ್ಲಿಯೂ ಪರಿಚಿತವಾಗಿರುವುದು. ಅಡಿಕೆಯ ವ್ಯಾಪಾರವೆಂಬುದು ಕಣ್ಣಿನ ವ್ಯಾಪಾರ. ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಬಗೆಗಳನ್ನು ವಿಂಗಡಿಸುವುದು ಕಣ್ಣು. ಮೂಟೆಯೊಳಗಿನಿಂದ ಒಂದು ಬೆಟ್ಟನ್ನು ತೆಗೆದು ಅಡಕತ್ತರಿಯಿಂದ ಸೀಳಿ, ಒಳಗಿನ ಬಣ್ಣವನ್ನೂ ಗಟ್ಟಿತನವನ್ನೂ ನೋಡಿ ಬೆಲೆ ಕಟ್ಟುವುದು ಕಣ್ಣು. ಆದರೆ ಅಡಿಕೆಯನ್ನು ನೋಡಿದಷ್ಟೇ ಸೂಕ್ಷ್ಮವಾಗಿ ಕೊಳ್ಳುವವನು ಮಾರುವವನ ಮುಖವನ್ನೂ ನೋಡುತ್ತಾನೆ. ಇವನಿಗೆ ಹಣದ ಜರೂರು ಎಷ್ಟಿದೆ, ಇಂದು ಮಾರದೆ ಹಿಂದಿರುಗುವನೋ ಇಲ್ಲವೋ ಎಂಬುದನ್ನು ಮಾತಿಗೆ ಮುಂಚೆ ಕಣ್ಣು ಹುಡುಕುತ್ತದೆ. ಮಾರುವವನೂ ಅಷ್ಟೇ ಜಾಣನಾದರೆ ತನ್ನ ಜರೂರನ್ನು ಮುಖದಲ್ಲಿ ಕಾಣಗೊಡುವುದಿಲ್ಲ. ಕನ್ನಡನಾಡಿನ ದನದ ಜಾತ್ರೆಗಳಲ್ಲಿ ಇದರ ಪರಾಕಾಷ್ಠೆಯನ್ನು ಕಾಣಬಹುದು. ಅಲ್ಲಿ ದಲ್ಲಾಳಿಯು ಟವೆಲ್ಲಿನ ಮರೆಯಲ್ಲಿ ರೈತನ ಬೆರಳುಗಳನ್ನು ಹಿಡಿದು ದರ ತಿಳಿಸುವನು. ಸುತ್ತ ನಿಂತವರಿಗೆ ಕೈ ಕಾಣುವುದಿಲ್ಲ. ಆದರೆ ಆ ಇಬ್ಬರ ಕಣ್ಣುಗಳು ಒಂದನ್ನೊಂದು ಬಿಡದೆ ಹಿಡಿದಿರುತ್ತವೆ. ಬೆರಳು ಬೆಲೆಯನ್ನು ಹೇಳಿದರೆ ಕಣ್ಣು ಆ ಬೆಲೆಯು ಕೊನೆಯದೋ ಅಲ್ಲವೋ ಎಂಬುದನ್ನು ಕೇಳುತ್ತದೆ.

2014ರಿಂದ ಕರ್ನಾಟಕದ ಮಾರುಕಟ್ಟೆಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯೆಂಬ ವ್ಯವಸ್ಥೆಯು ಬಂದು, ಕೊಳ್ಳುವವನು ಕಂಪ್ಯೂಟರಿನ ಮುಂದೆ ಕುಳಿತು ದರವನ್ನು ನಮೂದಿಸುವ ಕ್ರಮವು ಬೆಳೆಯಿತು. ಇದರಿಂದ ರೈತನಿಗೆ ಒಂದು ಉಪಕಾರವುಂಟು: ಅವನ ಮುಖದಲ್ಲಿರುವ ಜರೂರನ್ನು ಯಂತ್ರವು ಓದಲಾರದು. ಒಂದು ನಷ್ಟವೂ ಉಂಟು: ಅವನ ಮುಖದಲ್ಲಿರುವ ಸತ್ಯವನ್ನೂ ಅದು ಓದಲಾರದು. ದೃಷ್ಟಿಯು ಆಯುಧವೂ ಆಗಬಲ್ಲುದು, ಆಸರೆಯೂ ಆಗಬಲ್ಲುದು ಎಂಬುದು ಇದರಿಂದ ಸಿದ್ಧವಾಗುತ್ತದೆ.

ಇನ್ನು ಮೊದಲನೆಯ ಅಂಶವಾದ ದೃಷ್ಟಿಯ ಕಾರ್ಯವನ್ನು ನೋಡೋಣ. ಪ್ರಾಣಿಗಳ ಪೈಕಿ ಮನುಷ್ಯನ ಕಣ್ಣಿಗೆ ಒಂದು ವಿಶೇಷವಿದೆ. ಅವನ ಕಣ್ಣಿನ ಬಿಳಿಯ ಭಾಗವು ಹೊರಗೆ ವಿಸ್ತಾರವಾಗಿ ಕಾಣಿಸುತ್ತದೆ. ನಡುವೆ ಕರಿಯಾಲಿಯು ಯಾವ ಕಡೆಗೆ ತಿರುಗಿದೆಯೆಂಬುದು ದೂರದಿಂದಲೇ ತಿಳಿಯುತ್ತದೆ. ಜಪಾನಿನ ಕೊಬಾಯಾಶಿ ಮತ್ತು ಕೊಶಿಮಾ ಎಂಬ ವಿದ್ವಾಂಸರು ವಾನರಜಾತಿಗಳ ಕಣ್ಣುಗಳನ್ನು ಹೋಲಿಸಿ ನೋಡಿ ಈ ಭೇದವನ್ನು 1997ರಲ್ಲಿ ಪ್ರಕಟಿಸಿದರು. ಇದರ ತಾತ್ಪರ್ಯವೇನು? ಬೇಟೆಯಾಡುವ ಮೃಗಕ್ಕೆ ತನ್ನ ನೋಟವನ್ನು ಮರೆಸುವುದು ಲಾಭ. ಕೂಡಿ ಬಾಳುವ ಮನುಷ್ಯನಿಗೆ ತನ್ನ ನೋಟವನ್ನು ತೋರಿಸುವುದು ಲಾಭ. ಇನ್ನು ಹುಟ್ಟಿ ಕೆಲವೇ ದಿನಗಳಾದ ಶಿಶುಗಳೂ ತಮ್ಮನ್ನು ನೇರವಾಗಿ ನೋಡುವ ಮುಖದ ಕಡೆಗೇ ಹೆಚ್ಚು ಹೊತ್ತು ನೋಡುವುವೆಂದು 2002ರಲ್ಲಿ ಪ್ರಕಟವಾದ ಪರೀಕ್ಷೆಗಳಿಂದ ತಿಳಿದುಬಂದಿದೆ. ತಾಯಿಯ ಮಡಿಲಲ್ಲಿ ಮೊದಲು ಆರಂಭವಾಗುವ ಸಂಭಾಷಣೆಯು ಕಣ್ಣಿನದು. ನುಡಿಯು ಆಮೇಲೆ ಬರತಕ್ಕದ್ದು.

ಭರತಮುನಿಯ ನಾಟ್ಯಶಾಸ್ತ್ರವು ಈ ಕಣ್ಣಿನ ಭಾಷೆಗೆ ಒಂದು ವ್ಯಾಕರಣವನ್ನೇ ಕಟ್ಟಿತು. ರಸದೃಷ್ಟಿಗಳು 8, ಸ್ಥಾಯಿದೃಷ್ಟಿಗಳು 8, ಸಂಚಾರಿದೃಷ್ಟಿಗಳು 20, ಅಂತು 36 ಬಗೆಯ ದೃಷ್ಟಿಗಳನ್ನು ಅದು ಹೇಳಿದೆ. ಅಭಿನಯದರ್ಪಣವು ಸಮ, ಆಲೋಕಿತ, ಸಾಚಿ ಮುದಲಾಗಿ ಎಂಟು ನೋಟಗಳನ್ನು ಹೆಸರಿಸಿದೆ. ನಟನು ಇವುಗಳನ್ನು ಕಲಿತು ಅಭ್ಯಾಸ ಮಾಡಬೇಕಾಗಿತ್ತೆಂಬುದನ್ನು ಮರೆಯಬಾರದು. ಕಲಿತು ತೋರಿಸಬಹುದಾದ ನೋಟವು ಒಳಗಿಲ್ಲದೆ ಹೊರಗೆ ಮಾತ್ರ ಇರಬಹುದಾದ ನೋಟವೂ ಆಗಿರುವುದು. ಈ ಮಾತು ಮುಂದೆ ಬೇಕಾಗುತ್ತದೆ.

ಸಾಮಾನ್ಯ ಜನರು ಇಬ್ಬರು ಕುಳಿತು ಮಾತನಾಡುವಾಗ ಕಣ್ಣುಗಳು ಮಾಡುವ ಕೆಲಸವು ಬಹಳ ನಿಯತವಾದದ್ದು. ಆಡಂ ಕೆಂಡನ್ ಎಂಬ ಆಂಗ್ಲ ವಿದ್ವಾಂಸನು ಇದನ್ನು ಸೂಕ್ಷ್ಮವಾಗಿ ಅಳೆದು 1967ರಲ್ಲಿ ಬರೆದನು. ದೀರ್ಘವಾಗಿ ಹೇಳಹೊರಟವನು ಆರಂಭದಲ್ಲಿ ಕಣ್ಣನ್ನು ಬೇರೆಡೆಗೆ ತಿರುಗಿಸುತ್ತಾನೆ. ಮಾತನ್ನು ಹೊಂದಿಸಿಕೊಳ್ಳಲು ಅವನಿಗೆ ಆ ಬಿಡುವು ಬೇಕು. ಮಾತು ಮುಗಿಯುತ್ತ ಬಂದಾಗ ಮತ್ತೆ ಕೇಳುವವನ ಕಡೆಗೆ ನೋಡುತ್ತಾನೆ. ಇನ್ನು ನಿನ್ನ ಸರದಿಯೆಂದು ಸೂಚಿಸುವ ಬಗೆಯದು. ಕೇಳುವವನಾದರೋ ಹೇಳುವವನಿಗಿಂತ ಹೆಚ್ಚು ಹೊತ್ತು ಮುಖವನ್ನು ನೋಡುತ್ತಿರುತ್ತಾನೆ. ಇಷ್ಟು ತಿಳಿದರೆ ಎರಡು ತಪ್ಪುಗಳು ನಿವಾರಣೆಯಾಗುತ್ತವೆ. ಮಾತನಾಡುತ್ತ ಮೇಲಕ್ಕೋ ಪಕ್ಕಕ್ಕೋ ನೋಡಿದವನು ಉದಾಸೀನನಲ್ಲ, ಅವನು ಯೋಚಿಸುತ್ತಿರುವನು. ಆ ಹೊತ್ತಿನಲ್ಲಿ ನಡುವೆ ಬಾಯಿ ಹಾಕುವುದು ಅವಿವೇಕ. ಕೇಳುವಾಗ ಬೇರೆಡೆಗೆ ನೋಡುವುದಾದರೋ ಹೇಳುವವನ ಮಾತನ್ನು ಕತ್ತರಿಸಿದಂತೆಯೇ ಸರಿ, ಬಾಯಿ ತೆರೆಯದಿದ್ದರೂ.

ನೋಟವು ಎಷ್ಟು ಹೊತ್ತು ನಿಲ್ಲಬೇಕು? ಲಂಡನ್ನಿನಲ್ಲಿ ಸುಮಾರು 500 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಶೋಧನೆಯಲ್ಲಿ, ಅಪರಿಚಿತನ ನೇರನೋಟವು ಸರಾಸರಿ ಮೂರು ಸೆಕೆಂಡುಗಳಿಗೆ ತುಸು ಮೇಲ್ಪಟ್ಟು ಇದ್ದರೆ ಹಿತವೆಂದು ಜನರು ಹೇಳಿದರು. ಅದಕ್ಕಿಂತ ಬಹಳ ಕಡಿಮೆಯಾದರೆ ನುಸುಳುನೋಟವೆನಿಸುವುದು. ಬಹಳ ಹೆಚ್ಚಾದರೆ ದಿಟ್ಟಿಸುವುದೆನಿಸುವುದು. ನೋಟಕ್ಕೂ ದೂರಕ್ಕೂ ಸಂಬಂಧವುಂಟೆಂದು ಆರ್ಗೈಲ್ ಮತ್ತು ಡೀನ್ ಎಂಬುವರು 1965ರಲ್ಲಿ ತೋರಿಸಿದರು: ಇಬ್ಬರು ತೀರ ಹತ್ತಿರ ನಿಂತರೆ ಕಣ್ಣುಗಳು ತಾವಾಗಿಯೇ ದೂರ ಸರಿಯುವುವು. ಕಿಕ್ಕಿರಿದ ಬಸ್ಸಿನಲ್ಲಿ ಮೈಗೆ ಮೈ ತಗುಲಿ ನಿಂತವರು ಒಬ್ಬರ ಮುಖವನ್ನೊಬ್ಬರು ನೋಡದಿರುವುದು ಒರಟುತನವಲ್ಲ, ಅದೇ ಅಲ್ಲಿಯ ಸಭ್ಯತೆ.

ಎರಡನೆಯ ಅಂಶವು ಮರ್ಯಾದೆ. ಉದ್ಯೋಗಕ್ಕಾಗಿ ಸಂದರ್ಶನಕ್ಕೆ ಹೋಗುವ ತರುಣರಿಗೆ ಇಂದು ಕಲಿಸುವ ಮೊದಲನೆಯ ಪಾಠವೆಂದರೆ ಇದಿರಿಗಿರುವವರ ಕಣ್ಣನ್ನು ನೋಡಿ ಮಾತನಾಡೆಂಬುದು. ಅದೇ ತರುಣನಿಗೆ ಮನೆಯಲ್ಲಿ ಅಜ್ಜನು ಕಲಿಸಿದ ಮೊದಲನೆಯ ಪಾಠವೆಂದರೆ ಹಿರಿಯರ ಮುಂದೆ ತಲೆ ತಗ್ಗಿಸೆಂಬುದು. ಈ ಎರಡೂ ಪಾಠಗಳ ನಡುವೆ ಸಿಕ್ಕಿ, ಭೀಮಸಮುದ್ರ, ಹೊಳಲ್ಕೆರೆ, ಹೊಸದುರ್ಗದ ಕಡೆಯ ಜಾಣ ಹುಡುಗನು ಬೆಂಗಳೂರಿನ ಕಚೇರಿಯೊಂದರಲ್ಲಿ ಕುಳಿತು, ಉತ್ತರವು ತಿಳಿದಿದ್ದರೂ ನೆಲವನ್ನು ನೋಡುತ್ತ ತೊದಲುವುದುಂಟು. ಕೇಳುವವರು ಅವನಿಗೆ ಧೈರ್ಯವಿಲ್ಲವೆಂದು ಬರೆದುಕೊಳ್ಳುತ್ತಾರೆ. ಅವನಾದರೋ ಅವರಿಗೆ ಗೌರವವನ್ನು ಸಲ್ಲಿಸುತ್ತಿದ್ದನು!

ಹಾಗಾದರೆ ಅಜ್ಜನ ಪಾಠವು ತಪ್ಪೇ ಎಂದು ಕೇಳಬಹುದು. ತಪ್ಪಲ್ಲ. ಕಣ್ಣನ್ನು ತಗ್ಗಿಸುವುದು ವಿನಯದ ಒಂದು ಭಾಷೆ. ನೇರವಾಗಿ ನೋಡುವುದು ವಿಶ್ವಾಸದ ಒಂದು ಭಾಷೆ. ಎರಡು ಭಾಷೆಗಳನ್ನು ಬಲ್ಲವನು ಯಾರ ಮುಂದೆ ಯಾವುದನ್ನಾಡಬೇಕೆಂಬುದನ್ನು ತಿಳಿದಿರಬೇಕಷ್ಟೆ. ಹಿರಿಯರಿಗೆ ನಮಸ್ಕರಿಸುವಾಗ ತಗ್ಗಿದ ಕಣ್ಣು, ಅವರು ಪ್ರಶ್ನೆ ಕೇಳಿದಾಗ ಏಳಬೇಕು. ಉತ್ತರವು ಮುಗಿದ ಮೇಲೆ ಮತ್ತೆ ತಗ್ಗಬಹುದು. ನೇರವಾಗಿ ನೋಡಲು ಅಂಜುವವನು ಹುಬ್ಬುಗಳ ನಡುವಣ ಎಡೆಯನ್ನು ನೋಡಿ ಅಭ್ಯಾಸ ಮಾಡಲಿ. ನಾಲ್ವರಿದ್ದ ಕಡೆ ಒಬ್ಬರನ್ನೇ ನೋಡದೆ ಎಲ್ಲರಿಗೂ ನೋಟವನ್ನು ಹಂಚಲಿ. ಪಂಕ್ತಿಯಲ್ಲಿ ಬಡಿಸುವವನು ಒಬ್ಬನ ಎಲೆಗೇ ಬಡಿಸುತ್ತ ನಿಂತರೆ ಉಳಿದವರಿಗೆ ಹೇಗೆ ತೋರುವುದೋ, ಸಭೆಯಲ್ಲಿ ದೊಡ್ಡವರ ಮುಖವನ್ನೇ ನೋಡುತ್ತ ಮಾತನಾಡುವವನು ಉಳಿದವರಿಗೆ ಹಾಗೆಯೇ ತೋರುವನು.

ಇನ್ನು ಮೂರನೆಯ ಅಂಶ, ಇದೇ ಮುಖ್ಯವಾದದ್ದು. ತಗ್ಗಿದ ಕಣ್ಣನ್ನು ಕಂಡ ಕೂಡಲೆ ಇವನು ತಪ್ಪಿತಸ್ಥನೆಂದು ನಿಶ್ಚಯಿಸುವ ಅಭ್ಯಾಸವು ಲೋಕದಲ್ಲಿ ಬಹಳ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಸ್ವರ, ವರ್ಣ, ಇಂಗಿತ, ಆಕಾರ, ಕಣ್ಣು, ಚೇಷ್ಟೆ ಇವುಗಳಿಂದ ಮನುಷ್ಯನ ಒಳಗನ್ನು ಅರಿಯಬೇಕೆಂದು ವಿಧಿಸಿತು. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ದುಷ್ಟವಾದಿಯ ಲಕ್ಷಣಗಳನ್ನು ಎಣಿಸುತ್ತ, ಒಂದೆಡೆ ನಿಲ್ಲದಿರುವುದು, ಕಟವಾಯಿಯನ್ನು ನೆಕ್ಕುವುದು, ಹಣೆಯಲ್ಲಿ ಬೆವರುವುದು, ಮುಖದ ಬಣ್ಣ ಕೆಡುವುದು, ಮಾತು ತೊದಲುವುದು ಮುಂತಾದವನ್ನು ಹೇಳಿ, ಇದಿರಿನವರ ಮಾತನ್ನೂ ಕಣ್ಣನ್ನೂ ಪೂಜಿಸದಿರುವುದನ್ನೂ ಅವುಗಳೊಡನೆ ಸೇರಿಸಿತು. ಮಾತನ್ನು ಪೂಜಿಸುವುದೆಂದರೆ ಮರುಮಾತು ಕೊಡುವುದು. ಕಣ್ಣನ್ನು ಪೂಜಿಸುವುದೆಂದರೆ ಮರುನೋಟ ಕೊಡುವುದು. ನೋಟಕ್ಕೆ ನೋಟವನ್ನೀಯುವುದು ಪೂಜೆಯೆಂಬ ಆ ಒಂದು ಪದಪ್ರಯೋಗದಲ್ಲಿ ಸಮ್ಮುಖ ಸಂಭಾಷಣೆಯ ಧರ್ಮವೆಲ್ಲ ಅಡಗಿರುವುದು.

ಆದರೆ ಇಲ್ಲಿಗೆ ನಿಲ್ಲಬಾರದು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕನ್ನಡನಾಡಿನ ಕಲ್ಯಾಣದಲ್ಲಿ, 1076ರಿಂದ 1126ರ ವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ಆತನು ಈ ಸ್ಥಳದಲ್ಲಿ ಒಂದು ಎಚ್ಚರಿಕೆಯನ್ನು ಕೊಟ್ಟಿರುವನು. ಈ ಲಕ್ಷಣಗಳಿಂದ ದೋಷದ ಸಂಭವವನ್ನು ಮಾತ್ರ ಊಹಿಸಬಹುದು, ದೋಷವನ್ನು ನಿಶ್ಚಯಿಸಲಾಗದು. ಏಕೆಂದರೆ ಸ್ವಭಾವದಿಂದ ಬಂದ ವಿಕಾರ ಯಾವುದು, ಕಾರಣಾಂತರದಿಂದ ಬಂದ ವಿಕಾರ ಯಾವುದು ಎಂಬ ವಿವೇಕವು ದುರ್ಲಭ. ಯಾವನಾದರೂ ನಿಪುಣನು ಅದನ್ನು ವಿಂಗಡಿಸಿದನೆಂದೇ ಇಟ್ಟುಕೊಂಡರೂ ಅಷ್ಟರಿಂದಲೇ ಒಬ್ಬನನ್ನು ಸೋತವನೆಂದು ತೀರ್ಮಾನಿಸಕೂಡದು. ಸಾಯುವ ಚಿಹ್ನೆಗಳು ಕಂಡವೆಂದು ಬದುಕಿರುವವನಿಗೆ ಅಂತ್ಯಕ್ರಿಯೆ ಮಾಡುವುದುಂಟೆ ಎಂಬುದು ಆತನ ವಾದದ ತಿರುಳು. ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಆಡಿದ ಮಾತಿದು!

ಆಧುನಿಕ ಪರೀಕ್ಷೆಗಳು ಈ ಮಾತನ್ನು ಸಂಪೂರ್ಣವಾಗಿ ಸಮರ್ಥಿಸಿವೆ. 2006ರಲ್ಲಿ ಪ್ರಕಟವಾದ ಒಂದು ಶೋಧನೆಯಲ್ಲಿ 75 ದೇಶಗಳ ಜನರನ್ನು, ಸುಳ್ಳುಗಾರನನ್ನು ಗುರುತಿಸುವುದು ಹೇಗೆಂದು ಕೇಳಲಾಯಿತು. ಎಲ್ಲಕ್ಕಿಂತ ಹೆಚ್ಚಾಗಿ ಬಂದ ಉತ್ತರವೆಂದರೆ ಸುಳ್ಳುಗಾರನು ಕಣ್ಣು ತಪ್ಪಿಸುವನೆಂಬುದು. ಆದರೆ ಬೆಲ್ಲಾ ಡಿಪಾಲೊ ಮತ್ತು ಅವರ ಸಂಗಡಿಗರು ಅದಕ್ಕೆ ಮೂರು ವರ್ಷ ಮುಂಚೆ, 2003ರಲ್ಲಿ, ಅದುವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 158 ಚಿಹ್ನೆಗಳನ್ನು ತೂಗಿ ನೋಡಿದ್ದರು. ಅಲ್ಲಿ ಕಣ್ಣು ತಪ್ಪಿಸುವುದಕ್ಕೂ ಸುಳ್ಳಿಗೂ ನಂಬತಕ್ಕ ಸಂಬಂಧವೇ ಕಂಡುಬರಲಿಲ್ಲ. ಲೋಕವೆಲ್ಲ ನಂಬಿದ ಚಿಹ್ನೆಯು ಲೋಕದಲ್ಲೆಲ್ಲಿಯೂ ನಿಜವಾಗಿರಲಿಲ್ಲ. ಇದಕ್ಕೆ ಕಾರಣವನ್ನೂ ಊಹಿಸಬಹುದು. ಸುಳ್ಳುಗಾರನೂ ಈ ಲೋಕದವನೇ. ಕಣ್ಣು ತಪ್ಪಿಸಿದರೆ ಸಿಕ್ಕಿಬೀಳುವೆನೆಂದು ಅವನಿಗೂ ಗೊತ್ತು. ಆದಕಾರಣ ಅವನು ನಟನಂತೆ ದೃಷ್ಟಿಯನ್ನು ಕಲಿತುಕೊಂಡು ಬರುತ್ತಾನೆ. ನಿಜ ಹೇಳುವವನಿಗೆ ಆ ಅಭ್ಯಾಸದ ಅಗತ್ಯವು ತೋರಿರುವುದಿಲ್ಲ.

ಭಾರತದ ನ್ಯಾಯಾಲಯಗಳಲ್ಲಿ ಸಾಕ್ಷಿಯ ಹಾವಭಾವವನ್ನು ಕುರಿತು ನ್ಯಾಯಾಧೀಶರು ಅಗತ್ಯವೆಂದು ಕಂಡ ಮಾತನ್ನು ಬರೆದಿಡತಕ್ಕದ್ದೆಂದು 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೆಯ ಪ್ರಕರಣವು ವಿಧಿಸಿತ್ತು. ಅದರ ಸ್ಥಾನಕ್ಕೆ ಬಂದ 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ನಿಯಮವು ಉಳಿದಿದೆ. ಬರೆದಿಡುವುದು ಸರಿ, ಬರೆದಿಟ್ಟದ್ದನ್ನು ವಿಜ್ಞಾನೇಶ್ವರನ ತಕ್ಕಡಿಯಲ್ಲಿ ತೂಗುವುದೂ ಸರಿ. ಅಡಿಕೆಯ ಒಳಗನ್ನು ಅಡಕತ್ತರಿಯಿಂದ ಸೀಳಿ ನೋಡಬಹುದು. ಮನುಷ್ಯನ ಒಳಗನ್ನು ಸೀಳುವ ಅಡಕತ್ತರಿಯು ಯಾರ ಕಣ್ಣಿನಲ್ಲಿಯೂ ಇಲ್ಲ.

ಈ ವಿಚಾರವು ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲ. ಇದರಲ್ಲಿ ಮನೆಮನೆಯ ನ್ಯಾಯವು ಅಡಗಿದೆ. ಯಾರ ಕಣ್ಣುಗಳು ತಗ್ಗಿರುತ್ತವೆಂಬುದನ್ನು ನೋಡಿರಿ. ತೋಟದ ಕೂಲಿಯಾಳಿನ ಕಣ್ಣು ಧಣಿಯ ಮುಂದೆ ತಗ್ಗಿರುತ್ತದೆ. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆಯು 1976ರಲ್ಲಿ ಬಂದಿತಾದರೂ, ಜೀತದಾಳು ಒಡೆಯನ ಮುಖವನ್ನು ನೋಡಿ ಮಾತನಾಡಬಾರದೆಂಬ ಕಟ್ಟಳೆಯು ಮೂರು ತಲೆಮಾರುಗಳ ಮೈಯಲ್ಲಿ ಸೇರಿಹೋಗಿತ್ತು. ಅಸ್ಪೃಶ್ಯರೆನಿಸಿಕೊಂಡವರ ನೋಟವೇ ಮೈಲಿಗೆಯೆಂದು ಬಗೆದ ಕಾಲವೂ ಈ ದೇಶದಲ್ಲಿತ್ತು. ತಲೆ ಎತ್ತಿದರೆ ಉದ್ಧಟನೆಂದು ಹೊಡೆದವರೇ, ತಲೆ ತಗ್ಗಿಸಿದಾಗ ಕಳ್ಳನೆಂದು ಹಿಡಿದರೆ ಬಡವನು ಕಣ್ಣನ್ನು ಎಲ್ಲಿಡಬೇಕು?

ಇನ್ನೊಂದು ದೃಷ್ಟಾಂತವು ಇದಕ್ಕಿಂತ ಹತ್ತಿರದ್ದು. ಅಣ್ಣತಮ್ಮಂದಿರು ತೋಟವನ್ನು ಹಂಚಿಕೊಳ್ಳುವುದು ಇದೇ ಮಿತಾಕ್ಷರಾ ಪದ್ಧತಿಯನ್ನು ಅನುಸರಿಸಿ ಬೆಳೆದ ನ್ಯಾಯದಂತೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಅದನ್ನು ಮಾರ್ಪಡಿಸಿ ಉಳಿಸಿಕೊಂಡಿತು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂದಿತು. ಆದರೆ ಹಕ್ಕು ಕಾಗದದಲ್ಲಿ ಬಂದಷ್ಟು ಸುಲಭವಾಗಿ ಕಣ್ಣಿನಲ್ಲಿ ಬರುವುದಿಲ್ಲ. ಅಣ್ಣನು ಹಕ್ಕುಬಿಡುಗಡೆಯ ಪತ್ರವನ್ನು ಮುಂದೆ ಇಟ್ಟು, ರುಜು ಹಾಕವ್ವ, ತವರು ನಿನ್ನದೇ ಅಲ್ಲವೇ ಎನ್ನುತ್ತಾನೆ. ತಂಗಿಯು ನೆಲವನ್ನು ನೋಡುತ್ತ ಸುಮ್ಮನಿರುತ್ತಾಳೆ. ಒಪ್ಪಿದಳೆಂದು ಹಿರಿಯರು ತಿಳಿಯುತ್ತಾರೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಬೀಳುತ್ತದೆ. ಅವಳು ಒಪ್ಪಿರಬಹುದು. ಇಲ್ಲವೆಂದರೆ ಮುಂದಿನ ಹಬ್ಬಕ್ಕೆ ಕರೆಯುವವರು ಯಾರೆಂಬ ಅಂಜಿಕೆಯೂ ಇರಬಹುದು. ಆ ತಗ್ಗಿದ ಕಣ್ಣಿನಲ್ಲಿ ಈ ಎರಡರಲ್ಲಿ ಯಾವುದಿದೆಯೆಂಬುದನ್ನು ನೋಡಿದ ಮಾತ್ರಕ್ಕೆ ಹೇಳಲು ಯಾರಿಗೂ ಸಾಧ್ಯವಿಲ್ಲ, ಕೇಳಿ ತಿಳಿಯಬೇಕು. ಹಿರಿಯರಾದವರು ಅಣ್ಣತಮ್ಮಂದಿರನ್ನು ಹೊರಗೆ ಕುಳ್ಳಿರಿಸಿ, ಅವಳನ್ನು ಒಬ್ಬಳನ್ನೇ ಪಕ್ಕಕ್ಕೆ ಕರೆದು, ಮಗಳೇ, ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು ಎಂದು ಕೇಳಿ, ಅವಳು ತಲೆ ಎತ್ತುವ ವರೆಗೆ ಕಾದರೆ ಅದು ದೃಷ್ಟಿಧರ್ಮ. ತಗ್ಗಿದ ಕಣ್ಣು ತಪ್ಪೊಪ್ಪಿಗೆಯೂ ಅಲ್ಲ, ಸಮ್ಮತಿಯೂ ಅಲ್ಲ. ಅದೊಂದು ಪ್ರಶ್ನೆ; ಅದಕ್ಕೆ ಉತ್ತರವನ್ನು ಹುಡುಕುವ ಭಾರವು ನೋಡುವವನ ಮೇಲಿರುವುದು.

ಕಣ್ಣು ಕೂಡದಿದ್ದರೆ ಸಂಭಾಷಣೆಯೇ ಇಲ್ಲವೇ ಎಂಬ ಆಕ್ಷೇಪವೂ ಇಲ್ಲಿ ಏಳಬಹುದು. ಹಾಗೇನಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು (1892-1944) ಅಂಧರು. ಹಾನಗಲ್ಲ ಕುಮಾರಸ್ವಾಮಿಗಳು ಅವರಿಗೆ ಸಂಗೀತದ ವಿದ್ಯೆಯನ್ನು ಕೊಡಿಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914-2010) ಅಂಧರೇ. ಗುರುವು ಶಿಷ್ಯನ ಮುಖವನ್ನು ಕಾಣಲಿಲ್ಲ, ಶಿಷ್ಯನು ಗುರುವಿನ ಮುಖವನ್ನು ಕಾಣಲಿಲ್ಲ. ಆದರೂ ಆ ಇಬ್ಬರ ನಡುವೆ ಒಂದು ವಿದ್ಯೆಯೇ ಕೈ ದಾಟಿತು. ಅಲ್ಲಿ ಕಣ್ಣಿನ ಕಾರ್ಯವನ್ನು ಧ್ವನಿಯೂ ಸ್ಪರ್ಶವೂ ಮಾಡಿದವು. ಅಂಧರೊಡನೆ ಮಾತನಾಡುವವನು ಮೊದಲು ತನ್ನ ಹೆಸರನ್ನು ಹೇಳಬೇಕು, ಅವರ ಕಡೆಗೇ ಮುಖ ಮಾಡಿ ಮಾತನಾಡಬೇಕು, ಎದ್ದು ಹೋಗುವಾಗ ಹೋಗುತ್ತಿರುವೆನೆಂದು ತಿಳಿಸಬೇಕು. ಗಮನವಿದ್ದರೆ ಯಾವ ಇಂದ್ರಿಯವಾದರೂ ಕಣ್ಣಾಗುವುದು. ಗಮನವಿಲ್ಲದಿದ್ದರೆ ತೆರೆದ ಕಣ್ಣೂ ಗೋಡೆಯಾಗುವುದು.

ಇನ್ನು ಕೆಲವು ಮಕ್ಕಳು ಕಣ್ಣಿದ್ದೂ ಕಣ್ಣು ಕೂಡಿಸುವುದಿಲ್ಲ. ಆಟಿಸಂ ಎಂಬ ಈ ಸ್ಥಿತಿಯನ್ನು ಲಿಯೋ ಕ್ಯಾನರ್ ಎಂಬ ವೈದ್ಯನು 1943ರಲ್ಲಿ 11 ಮಕ್ಕಳನ್ನು ಪರೀಕ್ಷಿಸಿ ವರ್ಣಿಸಿದನು. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಇದನ್ನು ತನ್ನ 21 ವರ್ಗಗಳಲ್ಲಿ ಒಂದಾಗಿ ಎಣಿಸಿದೆ. ಇಂಥ ಮಗುವಿಗೆ ಇದಿರಿನವರ ನೇರನೋಟವು ಮಧ್ಯಾಹ್ನದ ಸೂರ್ಯನಂತೆ ದುಸ್ಸಹವಾಗಬಹುದು. ಬೇರೆಡೆಗೆ ನೋಡುತ್ತಿರುವಾಗಲೇ ಅದು ಚೆನ್ನಾಗಿ ಕೇಳಬಹುದು. ಊರಿನವರು ಆ ಮಗುವನ್ನು ಅಹಂಕಾರಿಯೆಂದೋ ತಾಯಿಯನ್ನು ಬೆಳೆಸಲು ಬಾರದವಳೆಂದೋ ಆಡುವರು. ಗಲ್ಲ ಹಿಡಿದೆತ್ತಿ, ನನ್ನ ಮುಖ ನೋಡು ಎಂದು ಗದರಿಸುವುದು ಉಪಕಾರವಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ಬಲ್ಲವರಿಗೆ ತೋರಿಸುವುದು ಉಪಕಾರ. ಪಕ್ಕದಲ್ಲಿ ಕುಳಿತು ಅದು ನೋಡುತ್ತಿರುವ ವಸ್ತುವನ್ನೇ ತಾನೂ ನೋಡುತ್ತ ಮಾತನಾಡಿಸುವುದು ಉಪಕಾರ.

ಕನ್ನಡನಾಡಿನಲ್ಲಿ ಸಮ್ಮುಖ ಸಂಭಾಷಣೆಗೆ ಒಂದು ದೊಡ್ಡ ಪರಂಪರೆಯುಂಟು. ಹದಿನೈದನೆಯ ಶತಮಾನದಲ್ಲಿ ಮೊದಲು ಸಂಕಲಿತವಾದ ಶೂನ್ಯಸಂಪಾದನೆಯು, ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂಭಾಷಣೆಯ ರೂಪದಲ್ಲಿ ಹೊಂದಿಸಿರುವುದು. ತತ್ತ್ವಗ್ರಂಥವನ್ನು ಸೂತ್ರಗಳಾಗಿ ಬರೆಯಬಹುದಾಗಿತ್ತು. ಸಂಕಲನಕಾರರು ಹಾಗೆ ಮಾಡದೆ ಒಬ್ಬರನ್ನೊಬ್ಬರ ಇದಿರಿಗೆ ನಿಲ್ಲಿಸಿ ಮಾತನಾಡಿಸಿದರು. ಅಗಸ, ಅಂಬಿಗ, ಮಂತ್ರಿ, ಜಂಗಮ, ಎಲ್ಲರೂ ಆ ಸಭೆಯಲ್ಲಿ ಪ್ರಶ್ನೆಗೆ ಪ್ರಶ್ನೆ, ಉತ್ತರಕ್ಕೆ ಉತ್ತರ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಪ್ರಭುದೇವರು ಕಠಿನವಾಗಿ ಪ್ರಶ್ನಿಸುವುದೂ ಆಕೆಯು ಅಳುಕದೆ ಒಂದೊಂದಕ್ಕೂ ಉತ್ತರವೀಯುವುದೂ ಆ ಗ್ರಂಥದ ಪ್ರಸಿದ್ಧವಾದ ಭಾಗ. ಪರೀಕ್ಷೆಯು ಕಠಿನವಾಗಿತ್ತು, ಅವಮಾನಕರವಾಗಿರಲಿಲ್ಲ. ಕೊನೆಯಲ್ಲಿ ಪರೀಕ್ಷಿಸಿದವರೇ ಆಕೆಯನ್ನು ಗೌರವಿಸಿದರು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು ರೆಪ್ಪೆ ಅಲುಗದಂತೆ ನೋಡುವ ಅನಿಮಿಷದೃಷ್ಟಿಯನ್ನು ಸಾಧಕನು ಬೆಳಗು ಬೈಗು ಅಭ್ಯಸಿಸುತ್ತಾನೆ. ಕೈಯೊಳಗಿನ ಲಿಂಗವನ್ನು ಅಷ್ಟು ಏಕಾಗ್ರವಾಗಿ ನೋಡಬಲ್ಲವನು, ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತ ಆಳಿನ ಮುಖವನ್ನು ನೋಡದೆ ಮಾತನಾಡಿದರೆ ಆ ಅಭ್ಯಾಸಕ್ಕೆ ಫಲವೆಲ್ಲಿ?

ಈಗಿನ ಕಾಲದ ಒಂದೆರಡು ಮಾತು. 2020ರ ಮಹಾಮಾರಿಯಲ್ಲಿ ಜನರು ಮೂಗು ಬಾಯಿಗಳನ್ನು ಮುಚ್ಚಿಕೊಂಡಾಗ ಮುಖದಲ್ಲಿ ಉಳಿದದ್ದು ಕಣ್ಣುಗಳು ಮಾತ್ರ. ಪರಿಚಿತರನ್ನು ಗುರುತಿಸುವುದೂ ನಗೆಯನ್ನು ತಿಳಿಯುವುದೂ ಅವುಗಳಿಂದಲೇ ನಡೆಯಿತು. ದೂರದೇಶದಲ್ಲಿರುವ ಮಕ್ಕಳೊಡನೆ ವೀಡಿಯೋ ಕರೆಯಲ್ಲಿ ಮಾತನಾಡುವ ತಂದೆತಾಯಿಗಳು ಮಗನ ಕಣ್ಣನ್ನು ನೋಡುತ್ತಿದ್ದರೂ ಮಗನಿಗೆ ಅವರು ಕೆಳಗೆ ನೋಡುತ್ತಿರುವಂತೆ ತೋರುವುದು. ಕ್ಯಾಮರಾ ಇರುವ ಸ್ಥಳವೇ ಬೇರೆ, ಮುಖ ಕಾಣುವ ಸ್ಥಳವೇ ಬೇರೆಯಾದುದು ಇದಕ್ಕೆ ಕಾರಣ. ಅದಕ್ಕೆ ಯಾರೂ ಮನಸ್ಸು ನೋಯಿಸಿಕೊಳ್ಳಬೇಕಾದದ್ದಿಲ್ಲ. ನೋಯಿಸಿಕೊಳ್ಳತಕ್ಕದ್ದು ಬೇರೊಂದಿದೆ. ಒಂದೇ ಜಗಲಿಯ ಮೇಲೆ ಕುಳಿತು ತಾಯಿಯು ಮಾತನಾಡುತ್ತಿರುವಾಗ ಮಗನು ಕೈಯೊಳಗಿನ ಮೊಬೈಲನ್ನು ನೋಡುತ್ತ ಹೂಂಗುಟ್ಟುವನು. ಸಾವಿರ ಮೈಲಿಯಾಚೆಯಿಂದ ನೋಡಲು ಹವಣಿಸುವ ಮಗನು ಹತ್ತಿರದಲ್ಲಿರುವನು. ಮಗ್ಗುಲಲ್ಲಿ ಕುಳಿತ ಮಗನು ದೂರದಲ್ಲಿರುವನು.

ಕೊನೆಯದಾಗಿ, ಇದೇ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸೋಮವಾರಗಳಂದು ನಡೆದುಬಂದಿರುವ ಸದ್ಧರ್ಮ ನ್ಯಾಯಪೀಠವನ್ನು ನೆನೆಯಬೇಕು. ಭಾಗದ ಜಗಳ, ಬದುವಿನ ಜಗಳ, ಗಂಡಹೆಂಡಿರ ಮನಸ್ತಾಪ ಮೊದಲಾದವನ್ನು ಹೊತ್ತು ಬಂದ ವಾದಿ ಪ್ರತಿವಾದಿಗಳು ಶ್ರೀಗಳ ಸಮ್ಮುಖದಲ್ಲಿ ತಾವೇ ನಿಂತು ತಮ್ಮ ಅಹವಾಲನ್ನು ಹೇಳಿಕೊಳ್ಳುವ ಪದ್ಧತಿಯದು. ನ್ಯಾಯಾಲಯದಲ್ಲಿ ದಾವೆಯು ಕಾಗದದ ಮೇಲೆ ನಡೆಯುತ್ತದೆ. ವಕೀಲರು ವಕೀಲರೊಡನೆ ಮಾತನಾಡುತ್ತಾರೆ. ಅಣ್ಣತಮ್ಮಂದಿರು ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತು ವರ್ಷಗಟ್ಟಲೆ ಒಬ್ಬರನ್ನೊಬ್ಬರು ನೋಡದೆ ಎದ್ದು ಹೋಗಬಹುದು. ಇಲ್ಲಿ ಹಾಗಾಗದು. ಇಬ್ಬರೂ ಒಂದೇ ಎಡೆಯಲ್ಲಿ ನಿಂತು, ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಅವನ ಬಾಯಿಂದಲೇ ಕೇಳಬೇಕಾಗುವುದು. ಕಾಗದದಲ್ಲಿ ಬರೆಯಿಸಿದಷ್ಟು ಸಲೀಸಾಗಿ ಒಡಹುಟ್ಟಿದವನ ಮುಖದೆದುರು ಕಟುವಾದ ಮಾತನ್ನು ಆಡಲಾಗದು. ಸಮ್ಮುಖದ ಬಲವಿದು. ಅದು ಸತ್ಯವನ್ನು ಕಣ್ಣಿನಿಂದ ಓದಿಬಿಡುವ ಬಲವಲ್ಲ. ಇದಿರಿಗಿರುವವನೂ ತನ್ನಂತೆಯೇ ಒಬ್ಬ ಮನುಷ್ಯನೆಂಬುದನ್ನು ಮರೆಯಗೊಡದ ಬಲ.

ಆದಕಾರಣ ಸಭಾಸದರು ಇಷ್ಟನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹೇಳುವವನಿಗೆ ಯೋಚಿಸುವ ಬಿಡುವನ್ನು ಕೊಡಿರಿ. ಕೇಳುವಾಗ ಮುಖವನ್ನು ಕೊಡಿರಿ. ಬಲ್ಲಿದನ ಮುಂದೆ ಮಾತ್ರವಲ್ಲ, ಸಂಬಳದಾಳಿನ ಮುಂದೆಯೂ ಕಣ್ಣಿಟ್ಟು ಮಾತನಾಡಿರಿ. ದಿಟ್ಟನೋಟವನ್ನು ಸತ್ಯವೆಂದು ನಂಬಬೇಡಿರಿ, ತಗ್ಗಿದ ನೋಟವನ್ನು ಸುಳ್ಳೆಂದು ಶಂಕಿಸಬೇಡಿರಿ. ಸುಮ್ಮನಿರುವ ಹೆಣ್ಣುಮಗಳನ್ನು ಒಮ್ಮೆ ಕೇಳಿರಿ, ಕಾದು ಕೇಳಿರಿ. ಮುಖ ನೋಡುವುದನ್ನು ಬಿಟ್ಟ ಒಡಹುಟ್ಟಿದವರು ಈ ಸಭೆಯಲ್ಲಿಯೂ ಇರಬಹುದು. ಅಂಥವರು ದಾವೆಯ ಮುಂದಿನ ವಾಯಿದೆಗೆ ಹೋಗುವುದಕ್ಕೆ ಮುಂಚೆ ಒಂದು ಸಲ ಅಣ್ಣನ ಮನೆಯ ಜಗಲಿಗೆ ಹೋಗಿ ಕುಳಿತುಕೊಳ್ಳಲಿ. ಮೊದಲು ಕಣ್ಣು ಕೂಡದಿರಬಹುದು. ನೆಲವನ್ನು ನೋಡುತ್ತಲೇ ಮಾತು ಆರಂಭವಾಗಲಿ. ನೀರು ಬೇಕೇ ಎಂದು ಅತ್ತಿಗೆಯು ಕೇಳಿದರೆ ಬೇಕೆನ್ನಲಿ. ಅಷ್ಟು ಸಾಕು.

ಸರ್ವರಿಗೂ ಮಂಗಳವಾಗಲಿ.